ಲಕ್ವಕ್ಕೆ ಚೀನೀ ಸೂಜಿ, ಚೀನೀ ಕಷಾಯ

ಪ್ರಶ್ನೆ: ಎರಡು ತಿಂಗಳ ಹಿಂದೆ ತಂದೆಗೆ ಲಕ್ವ ಹೊಡೆದು ಬಲಭಾಗದ ಸ್ವಾಧೀನ ತಪ್ಪಿತು. ಈಗ ಕೋಲೂರಿ ನಡೆಯುತ್ತಾರೆ, ಆದರೆ ಕೈಗೆ ಹಿಡಿತವಿಲ್ಲ, ಮಾತು ತೊದಲು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಮಾತ್ರೆ ನಡೆದಿದೆ. ಚೀನೀ ಸೂಜಿ (ಅಕ್ಯುಪಂಕ್ಚರ್), ಕಷಾಯ ಎರಡನ್ನೂ ಮಾಡಿಸಿ ಎನ್ನುತ್ತಾರೆ ನೆಂಟರು. ಮಾಡಿಸಬಹುದೇ?
– ಓದುಗರು, ಮದ್ದೂರು

ಉತ್ತರ: ಸೂಜಿ ಆಗಬಹುದು. ಕಷಾಯ ಖಂಡಿತ ಬೇಡ.

ಲಕ್ವದ ನಂತರ ಚೀನೀ ವೈದ್ಯರು ಹೆಚ್ಚಾಗಿ ಕೊಡುವುದು ವಾಂಗ್ ಚಿಂಗ್‌ರೆನ್ 1830ರಲ್ಲಿ ಬರೆದಿಟ್ಟ ‘ಬುಯಾಂಗ್ ಹುವಾನ್‌ವು’ ಕಷಾಯ. ‘ಚಿ’ ಎಂಬ ಪ್ರಾಣಶಕ್ತಿ ಕುಂದಿದರೆ ರಕ್ತ ಮುಂದೆ ಸಾಗದು ಎಂಬುದು ಅವರ ಲೆಕ್ಕ. ಅದಕ್ಕೇ ಶಕ್ತಿ ತುಂಬುವ ಹುವಾಂಗ್‌ಚಿ ಬೇರೊಂದೇ ಸುಮಾರು 120 ಗ್ರಾಂ. ರಕ್ತ ಓಡಿಸುವ ದಾಂಗ್‌ಗುಯಿ ಬೇರು, ಕುಸುಬೆ ಹೂ, ಒಣಗಿಸಿದ ಎರೆಹುಳು (ಹೌದು, ಎರೆಹುಳುವೇ) ಮುಂತಾದ ಆರು ಸಾಮಗ್ರಿ ತಲಾ 3ರಿಂದ 6 ಗ್ರಾಂ. ತೊಡಕು ಇಲ್ಲೇ ಇದೆ. ದಾಂಗ್‌ಗುಯಿ ವಾರ್ಫರಿನ್ನಿನ ಜೋರು ಹೆಚ್ಚಿಸುತ್ತದೆ. ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆಂಬ ಅಳತೆ) ಏರಿ ವಸಡಿನಲ್ಲಿ ರಕ್ತ, ಕಪ್ಪು ಮಲ, ಕೊನೆಗೆ ಮಿದುಳಿನಲ್ಲೇ ರಕ್ತಸ್ರಾವ ಆಗಬಹುದು. ಲಕ್ವಕ್ಕೆಂದು ಕೊಡುವ ಇನ್ನೊಂದು ಚೀನೀ ಮದ್ದು ‘ಆಂಗೊಂಗ್ ನ್ಯೂಹುವಾಂಗ್’ ಗುಳಿಗೆ ಯಾರಾದರೂ ತಂದುಕೊಟ್ಟರೂ ನುಂಗಿಸಬೇಡಿ. ಅದರ ಸಾಂಪ್ರದಾಯಿಕ ಪಾಕದಲ್ಲಿ ಪಾದರಸ, ಆರ್ಸೆನಿಕ್ ಎರಡರ ಖನಿಜಗಳೂ ಇವೆ.

ಸೂಜಿಯನ್ನು ಹೆಬ್ಬೆರಳು–ತೋರುಬೆರಳ ನಡುವಿನ ಹೆಗು, ಮೊಣಕೈ ಮಡಿಕೆಯ ಹೊರತುದಿಯ ಚೂಚಿ, ಮಂಡಿಚಿಪ್ಪಿನ ಕೆಳಗೆ ನಾಲ್ಕು ಬೆರಳಗಲ ಬಿಟ್ಟು ಝುಸಾನ್‌ಲಿ, ಇಂಥ ಜಾಗಗಳಲ್ಲಿ ಚುಚ್ಚಿ 20–30 ನಿಮಿಷ ಬಿಡುತ್ತಾರೆ. ತಲೆಗೆ ಚುಚ್ಚುವುದಾದರೆ ಎಡಬದಿಗೆ. ಬಲಗೈಯನ್ನು ಆಳುವುದು ಎಡ ಮಿದುಳು. ಗುಣವಾಗುತ್ತದೆಂದು ಗಟ್ಟಿಯಾಗಿ ಹೇಳುವಷ್ಟು ಪುರಾವೆ ಇಲ್ಲ, ಫಿಸಿಯೋಥೆರಪಿಯ ಜೊತೆಗೆ ಮಾತ್ರ ಪ್ರಯತ್ನಿಸಿ. ಮೊದಲು ಐಎನ್‌ಆರ್ ನೋಡಿಸಿ, ವಾರ್ಫರಿನ್ ವಿಷಯ ಚಿಕಿತ್ಸಕರಿಗೆ ತಿಳಿಸಿ. ಸೂಜಿ ಒಮ್ಮೆ ಬಳಸಿ ಬಿಸಾಡುವಂಥದ್ದೇ ಆಗಿರಲಿ. ತೆಗೆದ ಜಾಗವನ್ನು ಹತ್ತಿಯಿಂದ ಒತ್ತಿ ಹಿಡಿಯಲಿ. ಪೇಸ್‌ಮೇಕರ್ ಇದ್ದರೆ ಸೂಜಿಗೆ ಕರೆಂಟ್ ಹಾಯಿಸುವಂತಿಲ್ಲ. ಸ್ಪರ್ಶಜ್ಞಾನ ಕುಂದಿದ ಕೈಗೆ ಮೂಲಿಕೆಯ ಬಿಸಿ ಶಾಖವೂ ಬೇಡ; ಸುಟ್ಟರೂ ಅವರಿಗೆ ಗೊತ್ತಾಗದು. ಎಬ್ಬಿಸುವಾಗ ಬಲಗೈ ಹಿಡಿದು ಎಳೆಯಬೇಡಿ, ಭುಜ ಜಾರುತ್ತದೆ.

ಮಾತಿಗೆ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ವಾಕ್ ಶ್ರವಣ ಸಂಸ್ಥೆಗೆ ಕರೆದೊಯ್ಯಿರಿ. ಅದನ್ನು ತಡಮಾಡಬೇಡಿ.

ಪ್ರಶ್ನೆ: ಲಕ್ವ ಹೊಡೆದಾಕ್ಷಣ ಹತ್ತೂ ಬೆರಳ ತುದಿ ಚುಚ್ಚಿ ರಕ್ತ ತೆಗೆದರೆ ಸರಿಹೋಗುತ್ತದಂತೆ. ವಾಟ್ಸಾಪ್‌ನಲ್ಲಿ ಬಂದಿದೆ, ನಿಜವೇ?
– ಓದುಗರು, ಶ್ರೀರಂಗಪಟ್ಟಣ

ಉತ್ತರ: ಇಲ್ಲ. ಬೆರಳು ಚುಚ್ಚುತ್ತಾ ಕೂತರೆ ಹೊತ್ತು ಹೋಗುತ್ತದೆ. ಹೆಪ್ಪು ಕರಗಿಸುವ ಇಂಜೆಕ್ಷನ್ ಸಾಮಾನ್ಯವಾಗಿ ಲಕ್ಷಣ ಶುರುವಾದ ನಾಲ್ಕೂವರೆ ಗಂಟೆಯೊಳಗೆ ಬೀಳಬೇಕು, ಅದೂ ಸಿಟಿ ಸ್ಕ್ಯಾನ್ ಆದ ಮೇಲೆ. 108ಕ್ಕೆ ಕರೆ ಮಾಡಿ, ಕೊನೆಯದಾಗಿ ಸರಿಯಾಗಿದ್ದ ಗಂಟೆಯನ್ನು ಬರೆದಿಟ್ಟುಕೊಳ್ಳಿ. ನೀರು ಕುಡಿಸಬೇಡಿ, ನುಂಗಲಾಗದೆ ಶ್ವಾಸಕೋಶಕ್ಕೆ ಇಳಿಯುತ್ತದೆ. ಆಸ್ಪಿರಿನ್ ಕೂಡ ಕೊಡಬೇಡಿ: ನಾಳ ಕಟ್ಟಿದೆಯೋ ಒಡೆದಿದೆಯೋ ಸ್ಕ್ಯಾನ್ ಆಗದೆ ತಿಳಿಯದು, ಒಡೆದಿದ್ದರೆ ಆ ಮಾತ್ರೆ ರಕ್ತಸ್ರಾವ ಹೆಚ್ಚಿಸುತ್ತದೆ.