ರಾಜ್ಯಶಾಸ್ತ್ರ ಓದಿದವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂದದ್ದು ಹೇಗೆ?

ಪ್ರಶ್ನೆ: 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಎಲಿನಾರ್ ಆಸ್ಟ್ರಮ್ ಓದಿದ್ದು ರಾಜ್ಯಶಾಸ್ತ್ರವಂತೆ. ನನ್ನ ಮಗಳೂ ಅದೇ ವಿಷಯದಲ್ಲಿ ಪಿಎಚ್.ಡಿ.ಗೆ ಹೊರಟಿದ್ದಾಳೆ. ಆಸ್ಟ್ರಮ್ ಅವರ ದಾರಿಯಿಂದ ಅವಳು ಏನು ಕಲಿಯಬಹುದು?
– ಓದುಗರೊಬ್ಬರು, ಹಾಸನ

ಸಂಪಾದಕರ ಉತ್ತರ: ಮಾನ್ಯರೇ, ಆಸ್ಟ್ರಮ್ ಮೊದಲು ಬಯಸಿದ್ದು ಅರ್ಥಶಾಸ್ತ್ರವನ್ನೇ. ಹುಡುಗಿಗೆ ತ್ರಿಕೋನಮಿತಿ ಯಾಕೆಂದು ಶಾಲೆಯಲ್ಲಿ ಬಿಡಿಸಿದ್ದರು; ಆ ಗಣಿತವಿಲ್ಲವೆಂದು ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅರ್ಥಶಾಸ್ತ್ರ ವಿಭಾಗ ಪಿಎಚ್.ಡಿ.ಗೆ ತೆಗೆದುಕೊಳ್ಳಲಿಲ್ಲ. ರಾಜ್ಯಶಾಸ್ತ್ರ ವಿಭಾಗದಲ್ಲಿ ಸೀಟು ಸಿಕ್ಕಿತು. ಅಲ್ಲಿಯೂ 40 ಜನರ ತಂಡದಲ್ಲಿ ಹೆಣ್ಣುಮಕ್ಕಳು ನಾಲ್ವರೇ.

1965ರ ಅವರ ಪ್ರಬಂಧ ಅದೇ ನಗರದ ಕರಾವಳಿಯ ಅಂತರ್ಜಲದ ಮೇಲೆ. ಬಾವಿಗಳಿಂದ ಮಿತಿಮೀರಿ ನೀರೆತ್ತಿದ್ದರಿಂದ ಸಮುದ್ರದ ಉಪ್ಪುನೀರು ಒಳನುಗ್ಗುತ್ತಿತ್ತು. ನೀರೆತ್ತುವವರೇ ಸಂಘ ಕಟ್ಟಿ, ಕೋರ್ಟಿನಲ್ಲಿ ಪಾಲು ಗೊತ್ತುಮಾಡಿಕೊಂಡು, ತೀರದುದ್ದಕ್ಕೂ ಕೊರೆದ ಬಾವಿಗಳಿಗೆ ಸಿಹಿನೀರು ತುಂಬಿಸಿ ಉಪ್ಪುನೀರನ್ನು ತಡೆದರು. ಹಂಚಿಕೊಳ್ಳುವ ಆಸ್ತಿಯನ್ನು ಬಳಸುವವರೇ ಕಾಪಾಡಿಕೊಳ್ಳುವುದು ಯಾವಾಗ ಸಾಧ್ಯ ಎಂಬ ಈ ಒಂದೇ ಪ್ರಶ್ನೆಯನ್ನು ಅವರು ಮುಂದೆ ದಶಕಗಳ ಕಾಲ ಬಿಡಲಿಲ್ಲ. ನೊಬೆಲ್ ಬಂದದ್ದು ಅದಕ್ಕೆ.

ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿ ಅವರಿಗೆ ಮೊದಲು ಸಿಕ್ಕ ಪಾಠ ಬೆಳಿಗ್ಗೆ 7.30ರದ್ದು, ಶನಿವಾರವೂ ಸೇರಿ. 1973ರಲ್ಲಿ ಪತಿ ವಿನ್ಸೆಂಟ್ ಜೊತೆ ಅಲ್ಲೇ ಸ್ವಂತ ಸಂಶೋಧನಾ ಕೇಂದ್ರ ತೆರೆದರು.

ನೇಪಾಳದ ಕಾಲುವೆಗಳ ಮೇಲಿನ ಆಸ್ಟ್ರಮ್ ಅವರ ಕೆಲಸವನ್ನು ನಿಮ್ಮ ಮಗಳು ಓದಲೇಬೇಕು. ರೈತರೇ ಕಲ್ಲು, ಮಣ್ಣು, ಮರ ಹಾಕಿ ಕಟ್ಟಿದ ಒಡ್ಡುಗಳಿದ್ದಲ್ಲಿ ಕೊನೆಯ ಗದ್ದೆಗೂ ನೀರು ಮುಟ್ಟುತ್ತಿತ್ತು. ಸರ್ಕಾರದ ಕಾಂಕ್ರೀಟ್ ಒಡ್ಡು ಬಂದಲ್ಲಿ ಎಷ್ಟೋ ಕಡೆ ಮುಟ್ಟುತ್ತಿರಲಿಲ್ಲ. ಮಣ್ಣಿನ ಒಡ್ಡು ವರ್ಷವರ್ಷವೂ ಕೊಚ್ಚಿಹೋಗುತ್ತದೆ, ದುರಸ್ತಿಗೆ ಕೆಳಗದ್ದೆಯವರ ಆಳು ಬೇಕು, ಹಾಗಾಗಿ ಮೇಲ್ಗದ್ದೆಯವರು ಅವರಿಗೆ ನೀರು ಬಿಡಲೇಬೇಕು. ಕಾಂಕ್ರೀಟ್ ಬಂದ ಮೇಲೆ ಆ ಹಂಗೇ ಇಲ್ಲ. ಎಂಜಿನಿಯರಿಗೆ ಕಾಣದ್ದು ರಾಜ್ಯಶಾಸ್ತ್ರಜ್ಞೆಗೆ ಕಂಡಿತು.

ನಮ್ಮಲ್ಲಿ ಪಿಎಚ್.ಡಿ. ಸೊರಗುವುದು ಬಹುಮಟ್ಟಿಗೆ ‘ಮಹಿಳೆ ಮತ್ತು ರಾಜಕೀಯ’ದಂಥ ಅಳತೆಗೆ ಸಿಗದ ಶೀರ್ಷಿಕೆಯಿಂದ. ಅದರ ಬದಲು ನಿಮ್ಮ ಮಗಳು ಒಂದೇ ತಾಲ್ಲೂಕಿನ ಹತ್ತಾರು ಕೆರೆಗಳನ್ನು ಹಿಡಿಯಲಿ. ತೂಬು ಎತ್ತುವವರು ಯಾರು, ನೀರು ಹಂಚುವ ನೀರುಗಂಟಿಗೆ ಏನು ಕೊಡುತ್ತಾರೆ, ದಂಡ ವಸೂಲಾಗುತ್ತದೆಯೇ ಎಂಬುದನ್ನು ಪ್ರತಿ ಕೆರೆಗೂ ಒಂದೇ ನಮೂನೆಯಲ್ಲಿ ಬರೆದುಕೊಳ್ಳಲಿ. ನಮೂನೆ ಬದಲಾದರೆ ಕೊನೆಗೆ ಹೋಲಿಸಲು ಏನೂ ಉಳಿಯದು. ಸಂಖ್ಯಾಶಾಸ್ತ್ರವನ್ನು (ಸ್ಟ್ಯಾಟಿಸ್ಟಿಕ್ಸ್) ಮೊದಲ ವರ್ಷವೇ ಕಲಿಯಲಿ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2022ರ ನಿಯಮದಂತೆ ಅವಧಿ ಗರಿಷ್ಠ 6 ವರ್ಷ, ಮಹಿಳೆಯರಿಗೆ ಇನ್ನೂ 2 ವರ್ಷದ ರಿಯಾಯಿತಿ, ಜೊತೆಗೆ 240 ದಿನಗಳವರೆಗೆ ಹೆರಿಗೆ ಅಥವಾ ಶಿಶುಪಾಲನಾ ರಜೆ ಉಂಟು. ಇವನ್ನು ಬಾಯಿಮಾತಲ್ಲಿ ಬಿಡದೆ, ವಿಭಾಗಕ್ಕೆ ಅರ್ಜಿ ಕೊಟ್ಟು ಆದೇಶ ಪಡೆದಿಟ್ಟುಕೊಳ್ಳಲಿ.