ಸಿಗರೇಟ್ ಹೊಗೆಗೆ ದುಗ್ಧರಸವೂ ಹೆಪ್ಪುಗಟ್ಟುತ್ತದೆಯೇ?

ಪ್ರಶ್ನೆ: ನನಗೆ 42 ವರ್ಷ. 18 ವರ್ಷದಿಂದ ದಿನಕ್ಕೆ ಹತ್ತು ಸಿಗರೇಟ್ ಸೇದುತ್ತೇನೆ. ಸೇದುವವರ ರಕ್ತ ಬೇಗ ಹೆಪ್ಪುಗಟ್ಟುತ್ತದೆ ಅಂತ ಗೊತ್ತು. ದುಗ್ಧರಸ, ಅಂದರೆ ಲಿಂಫ್ ಕೂಡ ಹೆಪ್ಪುಗಟ್ಟುತ್ತದಂತೆ, ನಿಜವೇ? ದಿನಾ ಒಂದು ಆಸ್ಪಿರಿನ್ ನುಂಗಿದರೆ ಸಾಲದೇ?

ಉತ್ತರ: ನಿಜ, ಅದೂ ಹೆಪ್ಪುಗಟ್ಟಬಲ್ಲದು. ಮಂಡಿ ತರಚಿದಾಗ ರಕ್ತ ನಿಂತ ಮೇಲೂ ತಿಳಿ ಹಳದಿ ನೀರು ಒಸರಿ, ಒಣಗಿ, ಅಂಟಂಟಾಗಿ ಪದರ ಕಟ್ಟುತ್ತದಲ್ಲ? ದುಗ್ಧರಸ ಹೆಚ್ಚುಕಡಿಮೆ ಅದೇ ಜಾತಿಯದು. ರಕ್ತನಾಳದಿಂದ ಸೋರಿದ ನೀರನ್ನು ಮತ್ತೆ ರಕ್ತಕ್ಕೆ ಸೇರಿಸುವುದು ಅದರ ಕೆಲಸ. ಹೆಪ್ಪುಗಟ್ಟಿಸುವ ಫೈಬ್ರಿನೋಜನ್ ಎಂಬ ಪ್ರೋಟೀನು ಅದರಲ್ಲೂ ಇದೆ, ಆದರೆ ರಕ್ತದಲ್ಲಿರುವಷ್ಟಿಲ್ಲ. ಒಂದಕ್ಕೊಂದು ಅಂಟಿಕೊಂಡು ಹೆಪ್ಪು ಕಟ್ಟುವ ಪುಟ್ಟ ರಕ್ತಕಣ ಪ್ಲೇಟ್‌ಲೆಟ್ ಅಂತೂ ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ ಸಾಮಾನ್ಯವಾಗಿ ತೆಳ್ಳಗೆ ಹರಿಯುತ್ತಲೇ ಇರುತ್ತದೆ.

ಹೊಗೆ ಈ ಲೆಕ್ಕ ಕೆಡಿಸುತ್ತದೆ. 2022ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಇಲಿಗಳನ್ನು ಸಿಗರೇಟ್ ಹೊಗೆಯಲ್ಲಿಟ್ಟು ನೋಡಿದರು. ಅವುಗಳ ಶ್ವಾಸಕೋಶದಿಂದ ಬರುವ ದುಗ್ಧರಸದಲ್ಲಿ ಹೆಪ್ಪುಗಟ್ಟಿಸುವ ಪ್ರೋಟೀನುಗಳು ಜಾಸ್ತಿಯಾಗಿದ್ದವು. ದುಗ್ಧರಸ ಹರಿಯುವ ನಾಳಗಳೊಳಗೆ ಹೆಪ್ಪು ಕೂತಿತ್ತು. ಮೋರಿ ಕಟ್ಟಿಕೊಂಡ ಹಾಗೆ, ನೀರು ಬಸಿದುಹೋಗುವುದು ಕಡಿಮೆಯಾಗಿತ್ತು. ನನಗೆ ದಿಗಿಲು ಹುಟ್ಟಿಸಿದ್ದು ಇದಲ್ಲ. ಶ್ವಾಸಕೋಶದ ಗಾಳಿಗೂಡುಗಳು ಹಾಳಾಗುವ ಎಂಫಿಸೀಮ ಕಾಯಿಲೆ ಇನ್ನೂ ಶುರುವಾಗುವ ಮೊದಲೇ ಇಷ್ಟೆಲ್ಲ ಆಗಿತ್ತು! ಎಂಫಿಸೀಮ ಇದ್ದ ಮನುಷ್ಯರ ಶ್ವಾಸಕೋಶದ ತುಣುಕುಗಳಲ್ಲೂ ಇಂಥ ಹೆಪ್ಪು ಸಿಕ್ಕಿತು, ಕಾಯಿಲೆ ಬಲಿತಷ್ಟೂ ಜಾಸ್ತಿ. ಹಾಗಂತ ಮನುಷ್ಯರಲ್ಲೂ ಹೆಪ್ಪೇ ಮೊದಲು, ಕಾಯಿಲೆ ಆಮೇಲೆ ಎಂದು ಇದರಿಂದ ತೀರ್ಮಾನಿಸುವಂತಿಲ್ಲ.

ಇನ್ನು ಆಸ್ಪಿರಿನ್. ಅದು ರಕ್ತ ಹೆಪ್ಪುಗಟ್ಟುವುದನ್ನು ತಡೆಯುವುದು ಪ್ಲೇಟ್‌ಲೆಟ್‌ಗಳ ಅಂಟುಗುಣ ಕಡಿಮೆ ಮಾಡಿ. ಪ್ಲೇಟ್‌ಲೆಟ್ಟೇ ಇಲ್ಲದ ಕಡೆ ಅದಕ್ಕೇನು ಕೆಲಸ? ಮೇಲಾಗಿ ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಸೋರುವ ಅಪಾಯ ಬೇರೆ. ಸುಮ್ನೆ ನುಂಗಬೇಡಿ. ಹೃದಯಕ್ಕೆಂದು ಡಾಕ್ಟರೇ ಬರೆದುಕೊಟ್ಟಿದ್ದರೆ ಆ ಮಾತು ಬೇರೆ, ಅದನ್ನು ನೀವಾಗಿಯೇ ನಿಲ್ಲಿಸಲೂಬೇಡಿ.

ನಿಲ್ಲಿಸಬೇಕಾದದ್ದು ಸಿಗರೇಟು. ಹತ್ತರಿಂದ ಐದಕ್ಕಿಳಿಸಿ ಸಮಾಧಾನಪಟ್ಟುಕೊಳ್ಳುವವರು ತುಂಬಾ ಜನ, ಆಮೇಲೆ ಅದೇ ಐದನ್ನು ಜೋರಾಗಿ ಎಳೆಯುತ್ತಾರೆ! ಪೂರ್ತಿ ಬಿಟ್ಟರೆ ರಕ್ತದ ಪ್ಲೇಟ್‌ಲೆಟ್‌ಗಳ ಅಂಟುಗುಣ ಕೆಲವೇ ವಾರಗಳಲ್ಲಿ ಇಳಿಯುತ್ತದೆ. ಚಡಪಡಿಕೆ ತಡೆಯಲಾಗದಿದ್ದರೆ ಡಾಕ್ಟರನ್ನು ಕೇಳಿ ನಿಕೋಟಿನ್ ಗಮ್ ಅಥವಾ ಪ್ಯಾಚ್ ಬಳಸಿ.

ದುಗ್ಧನಾಳದ ಈ ಸಣ್ಣ ಹೆಪ್ಪುಗಳು ಮಾಮೂಲಿ ಎಕ್ಸ್‌ರೇಯಲ್ಲಿ ಕಾಣುವುದಿಲ್ಲ. ಮೆಟ್ಟಿಲು ಹತ್ತುವಾಗ ಮೊದಲಿಗಿಂತ ಜಾಸ್ತಿ ಏದುಸಿರು ಬರುತ್ತಿದ್ದರೆ ಸ್ಪೈರೊಮೆಟ್ರಿ ಮಾಡಿಸಿ. ಕೊಳವೆಯೊಳಗೆ ಜೋರಾಗಿ ಊದಿಸುವ ಪರೀಕ್ಷೆ ಅಷ್ಟೆ. ಆದರೆ ಒಂದೇ ಕಾಲು ಇದ್ದಕ್ಕಿದ್ದ ಹಾಗೆ ಊದಿಕೊಂಡು ನೋಯುತ್ತಿದ್ದರೆ ಅದು ರಕ್ತನಾಳದ ಹೆಪ್ಪು ಇರಬಹುದು, ಅವತ್ತೇ ಡಾಕ್ಟರಿಗೆ ತೋರಿಸಿ. ಜೊತೆಗೆ ಎದೆನೋವೋ ಉಬ್ಬಸವೋ ಬಂದರೆ ತಕ್ಷಣ ಆಂಬುಲೆನ್ಸ್ ಕರೆಸಿ.