ಫೋನಿನ ಮೀಟರಿಗೆ ಮುದ್ರೆ ಒತ್ತುವವರು ಯಾರು?

ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ದಲಾಲಿ ಅಂಗಡಿ ನಡೆಸುವ ಓದುಗರೊಬ್ಬರ ಪತ್ರ ಬಂದಿದೆ. ಅಂಗಡಿಯಲ್ಲಿ ಎರಡು ಲ್ಯಾಂಡ್‌ಲೈನ್ ಸೇರಿಸಿದ ಒಂದು ಇಪಿಎಬಿಎಕ್ಸ್, ಅಂದರೆ ಅಂಗಡಿಯೊಳಗಿನ ಫೋನುಗಳನ್ನು ಹೊರಗಿನ ಲೈನಿಗೆ ಜೋಡಿಸುವ ಪೆಟ್ಟಿಗೆ ಇದೆ, ಜೊತೆಗೆ ಒಂದು ಪೋಸ್ಟ್‌ಪೇಯ್ಡ್ ಮೊಬೈಲ್. ಅವರ ದೂರು ಮೂರು. ಇಪಿಎಬಿಎಕ್ಸ್ ಕೊಡುವ ಪ್ರಿಂಟಿಗೂ ಕಂಪನಿಯ ಬಿಲ್ಲಿಗೂ ತಾಳೆಯಾಗುವುದಿಲ್ಲ. ಗುಂಟೂರಿನ ಪಾರ್ಟಿಗೆ ಮಾಡಿದ ಒಂದೇ ಕರೆ ಮೊಬೈಲ್ ಬಿಲ್ಲಿನಲ್ಲಿ ಎರಡು ಸಾಲಾಗಿ ಬಂದಿದೆ. ಶ್ರೀಲಂಕಾಕ್ಕೆ ಮಾಡುವ ಕರೆಗಳಿಗೆಂದು ಐಎಸ್‌ಡಿ ಪ್ಯಾಕ್ ಹಾಕಿಸಿದ್ದರೂ ಕೆಲವು ಕರೆಗಳಿಗೆ ಮಾಮೂಲಿ ದರವೇ ಬಿದ್ದಿದೆ. ಕೊನೆಗೆ ಅವರು ಕೇಳುತ್ತಾರೆ: “ನಮ್ಮ ತಕ್ಕಡಿಗೆ ಇಲಾಖೆಯವರು ಬಂದು ಮುದ್ರಿ ಒತ್ತತಾರ. ಫೋನಿನ ಮೀಟರಿಗೆ ಮುದ್ರಿ ಒತ್ತಾಂವ ಯಾರು?”

ಮಾನ್ಯರೇ,

ಕೊನೆಯ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳುತ್ತೇವೆ. ನಿಮ್ಮ ತಕ್ಕಡಿ ನಿಮ್ಮ ಅಂಗಡಿಯಲ್ಲೇ ಇದೆ. ಕಾನೂನು ಮಾಪನಶಾಸ್ತ್ರ ಇಲಾಖೆಯ ನಿರೀಕ್ಷಕರು ಬಂದು ಪ್ರಮಾಣಿತ ತೂಕ ಇಟ್ಟು ನೋಡಬಹುದು, ರೈತರೂ ಕಣ್ಣಾರೆ ನೋಡಬಹುದು. ಫೋನಿನ ಮೀಟರು ನಿಮ್ಮಲ್ಲಿಲ್ಲ, ಈಗ ಅದು ಒಂದೇ ಯಂತ್ರವೂ ಅಲ್ಲ. ಹಿಂದೆ ಒಂದೇ ಯಂತ್ರವಾಗಿತ್ತು. ಹಳೆಯ ಸ್ಟ್ರೋಜರ್ ಎಂಬ ಯಾಂತ್ರಿಕ ಎಕ್ಸ್‌ಚೇಂಜುಗಳಲ್ಲಿ ಪ್ರತಿ ಚಂದಾದಾರರ ಹೆಸರಿಗೆ ಒಂದು ಚಿಕ್ಕ ಅಂಕಿ ತಿರುಗುವ ಮೀಟರು ಇರುತ್ತಿತ್ತು. ಪಲ್ಸ್, ಅಂದರೆ ದರ ಎಣಿಸುವ ಮಿಡಿತ, ಬಂದಂತೆ ಅಂಕಿ ಮುಂದಕ್ಕೆ ಹೋಗುತ್ತಿತ್ತು, ಪರವೂರಿನ ಎಸ್‌ಟಿಡಿ ಕರೆಯಾದರೆ ದೂರ ಹೆಚ್ಚಿದಂತೆ ಪಲ್ಸ್ ಬೇಗ ಬೇಗ ಬೀಳುತ್ತಿತ್ತು. ಮೀಟರುಗಳ ಸಾಲನ್ನೇ ಫೋಟೋ ತೆಗೆದು, ಹಿಂದಿನ ಫೋಟೋದ ಅಂಕಿ ಕಳೆದು ಬಿಲ್ ಮಾಡುತ್ತಿದ್ದರು. ಯಾವ ನಂಬರಿಗೆ, ಎಷ್ಟು ಹೊತ್ತು ಎಂಬ ವಿವರ ಅದರಲ್ಲಿ ಇರುತ್ತಲೇ ಇರಲಿಲ್ಲ. ಹಾಗಾಗಿ ಜಗಳವಾದರೆ ಚಂದಾದಾರರ ಕೈಯಲ್ಲಿ ದಾಖಲೆ ಎಂಬುದೇ ಇಲ್ಲ. ಎಲೆಕ್ಟ್ರಾನಿಕ್ ಎಕ್ಸ್‌ಚೇಂಜ್ ಬಂದ ಮೇಲೆ ಇದು ಬದಲಾಯಿತು. ಕೇಂದ್ರ ಸರ್ಕಾರದ ದೂರಸಂಪರ್ಕ ಸಂಶೋಧನಾ ಸಂಸ್ಥೆ ಸಿ-ಡಾಟ್ ರೂಪಿಸಿದ 128 ಲೈನಿನ ಗ್ರಾಮೀಣ ಎಕ್ಸ್‌ಚೇಂಜ್ 1986ರಲ್ಲಿ ಮೊದಲು ಕೆಲಸ ಶುರುಮಾಡಿದ್ದು ನಮ್ಮ ಧಾರವಾಡದ ಪಕ್ಕದ ಕಿತ್ತೂರಿನಲ್ಲಿ ಎಂಬುದನ್ನು ಈ ಭಾಗದವರು ನೆನಪಿಡಬೇಕು.

ಈಗ ಆಗುವುದು ಹೀಗೆ. ಆ ಕಡೆಯವರು ಫೋನ್ ಎತ್ತಿದ ಕ್ಷಣ ‘ಉತ್ತರ ಬಂತು’ ಎಂಬ ಸಂಕೇತ ಹಿಂದಕ್ಕೆ ಬರುತ್ತದೆ, ಲೆಕ್ಕ ಅಲ್ಲಿಂದ ಶುರು. ರಿಂಗ್ ಆಗುವ ಹೊತ್ತು, ಕಾಲರ್ ಟ್ಯೂನ್ ಕೇಳುವ ಹೊತ್ತು ಲೆಕ್ಕಕ್ಕಿಲ್ಲ. ಕರೆ ಮುಗಿದಾಗ ಯಾರಿಂದ, ಯಾರಿಗೆ, ಯಾವಾಗ, ಎಷ್ಟು ಸೆಕೆಂಡ್ ಎಂಬ ಒಂದು ಕರೆ ದಾಖಲೆ ಹುಟ್ಟುತ್ತದೆ. ಸಿಡಿಆರ್ ಎನ್ನುವುದು ಇದನ್ನೇ. ಈ ದಾಖಲೆಗಳನ್ನು ಒಟ್ಟುಮಾಡಿ, ಎರಡು ಬಾರಿ ಬಂದವನ್ನು ತೆಗೆದು, ತುಂಡಾದವನ್ನು ಜೋಡಿಸುವುದು ಇನ್ನೊಂದು ವ್ಯವಸ್ಥೆಯ ಕೆಲಸ. ನಿಮ್ಮ ಪ್ಲಾನ್ ನೋಡಿ ದರ ಹಚ್ಚುವುದು ಮೂರನೆಯದು, ಬಿಲ್ ಅಚ್ಚುಮಾಡುವುದು ನಾಲ್ಕನೆಯದು. ಪ್ರೀಪೇಯ್ಡ್‌ನಲ್ಲಿ ಮಾತ್ರ ದರ ಹಚ್ಚುವ ಕೆಲಸ ಕರೆ ನಡೆಯುವಾಗಲೇ ಆಗುತ್ತದೆ.

ಈ ಇಡೀ ಸರಪಳಿಗೆ ನಿಯಮ ಹಾಕಿದ್ದು ಟ್ರಾಯ್, ಅಂದರೆ ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ. ಮೀಟರಿಂಗ್ ಮತ್ತು ಬಿಲ್ಲಿಂಗ್ ನಿಖರತೆಯ ಸಂಹಿತೆ 2006ರಲ್ಲಿ ಬಂತು, 2023ರಲ್ಲಿ ಅದರ ಜಾಗಕ್ಕೆ ಹೊಸ ನಿಯಮಾವಳಿ ಬಂತು. 2006ರ ಸಂಹಿತೆ ಇಟ್ಟ ಅಳತೆಗಳನ್ನು ನೋಡಿ. ಕರೆಯ ಅವಧಿಯಲ್ಲಿ ಹೆಚ್ಚುಕಡಿಮೆ 1 ಸೆಕೆಂಡ್ ಅಥವಾ 0.01 ಶೇಕಡ, ಎರಡರಲ್ಲಿ ಯಾವುದು ಸಡಿಲವೋ ಅದು. 1 ಸೆಕೆಂಡ್ ಎನ್ನುವುದು 10,000 ಸೆಕೆಂಡಿನ 0.01 ಶೇಕಡ. ಆದ್ದರಿಂದ ಸುಮಾರು ಎರಡೂಮುಕ್ಕಾಲು ಗಂಟೆಗಿಂತ ಚಿಕ್ಕ ಕರೆಗಳಿಗೆಲ್ಲ 1 ಸೆಕೆಂಡಿನ ಮಿತಿಯೇ ಅನ್ವಯ. ಹೊತ್ತು ನೋಡಿ ದರ ಬದಲಾಗುವ ಪ್ಲಾನ್ ಇದ್ದರೆ ಗಡಿಯಾರವೂ 1 ಸೆಕೆಂಡಿನೊಳಗೆ ಸರಿಯಿರಬೇಕು. ಅವಧಿಯ ಬದಲು ಎಣಿಕೆಯಿಂದ ಲೆಕ್ಕ ಹಾಕುವಲ್ಲಿ 25,000ಕ್ಕೆ 1ಕ್ಕಿಂತ ಹೆಚ್ಚು ಎಣಿಸಬಾರದು, 1,000ಕ್ಕೆ 1ಕ್ಕಿಂತ ಹೆಚ್ಚು ಬಿಡಬಾರದು. ಗ್ರಾಹಕರಿಗೆ ನಷ್ಟವಾಗುವ ತಪ್ಪಿಗೆ ಕಂಪನಿಗೆ ನಷ್ಟವಾಗುವ ತಪ್ಪಿಗಿಂತ 25 ಪಟ್ಟು ಬಿಗಿ. ಇದು ನ್ಯಾಯವಾದ ಅಳತೆ.

ಒಂದು ಸೆಕೆಂಡಿನ ರಿಯಾಯಿತಿ ಚಿಕ್ಕದಾಗಿ ಕಾಣುತ್ತದೆ. ಸೆಕೆಂಡಿನ ಲೆಕ್ಕದ ಪ್ಲಾನಿನಲ್ಲಿ ಅದು ಚಿಕ್ಕದೇ. ಆದರೆ 60 ಸೆಕೆಂಡಿನ ಪಲ್ಸ್ ಇರುವ, ಅಂದರೆ ಶುರುವಾದ ಪ್ರತಿ 60 ಸೆಕೆಂಡಿಗೆ ಪೂರ್ತಿ ದರ ಬೀಳುವ ಪ್ಲಾನಿನಲ್ಲಿ 60 ಸೆಕೆಂಡಿನ ಕರೆ 61 ಎಂದು ದಾಖಲಾದರೆ ಎರಡು ಪಲ್ಸ್ ಬೀಳುತ್ತದೆ, ಬಿಲ್ ಇಮ್ಮಡಿಯಾಗುತ್ತದೆ. ನಿಮ್ಮಂಥ ಪೇಟೆಯವರಿಗೆ ಇದಕ್ಕಿಂತ ದೊಡ್ಡ ನಷ್ಟ ಪಲ್ಸಿನಲ್ಲೇ ಇದೆ. ಇವತ್ತಿನ ದರ ಎಷ್ಟು, ಮಾಲು ಎಷ್ಟು ಚೀಲ ಬಂದಿದೆ ಎಂದು ಕೇಳಿ ಇಡುವ 20 ಸೆಕೆಂಡಿನ ಕರೆಗಳು ನೂರಾದರೆ ಮಾತಾಡಿದ್ದು 33 ನಿಮಿಷ 20 ಸೆಕೆಂಡ್, ಬಿಲ್ಲಾಗುವುದು 100 ನಿಮಿಷ. ಇದರಲ್ಲಿ ಮೀಟರಿನ ತಪ್ಪೇನೂ ಇಲ್ಲ. ಉಚಿತ ಮಿತಿ ದಾಟಿದ ಮೇಲೆ ನಿಮ್ಮ ಲ್ಯಾಂಡ್‌ಲೈನ್ ಪ್ಲಾನಿನ ಪಲ್ಸ್ ಎಷ್ಟು ಸೆಕೆಂಡಿನದು ಎಂಬುದನ್ನು ಇವತ್ತೇ ನೋಡಿಕೊಳ್ಳಿ.

ನಿಮ್ಮ ಮೊದಲ ದೂರಿಗೆ ಬರೋಣ. ಇಲ್ಲಿ ನಾವು ಕಂಪನಿಯ ಬಿಲ್ಲನ್ನಲ್ಲ, ಇಪಿಎಬಿಎಕ್ಸನ್ನೇ ಅನುಮಾನಿಸುತ್ತೇವೆ. ಸಾಮಾನ್ಯ ತಾಮ್ರದ ಲೈನಿನಲ್ಲಿ ಆ ಕಡೆ ಫೋನ್ ಎತ್ತಿದ್ದು ನಿಮ್ಮ ಪೆಟ್ಟಿಗೆಗೆ ತಾನಾಗಿ ಗೊತ್ತಾಗುವುದಿಲ್ಲ. ಉತ್ತರ ಬಂದಾಗ ಎಕ್ಸ್‌ಚೇಂಜ್ ಲೈನಿನ ಎರಡು ತಂತಿಗಳ ಧ್ರುವ ಅದಲುಬದಲು ಮಾಡಿದರೆ ಮಾತ್ರ ತಿಳಿಯುತ್ತದೆ. ರಿವರ್ಸಲ್ ಎನ್ನುವ ಈ ಸೌಲಭ್ಯವನ್ನು ಆ ಲೈನಿಗೆ ಕೇಳಿ ಹಾಕಿಸಬೇಕು, ಇಪಿಎಬಿಎಕ್ಸ್‌ನಲ್ಲಿಯೂ ಆ ಸೆಟ್ಟಿಂಗ್ ಆನ್ ಇರಬೇಕು. ಹಿಂದೆ ಎಸ್‌ಟಿಡಿ ಬೂತಿನ ಮೀಟರುಗಳಲ್ಲಿ ಆಗುತ್ತಿದ್ದ ಜಗಳಗಳ ಒಂದು ಮೂಲ ಇದೇ. ರಿವರ್ಸಲ್ ಇಲ್ಲದಿದ್ದರೆ ಪೆಟ್ಟಿಗೆ ನಂಬರ್ ಒತ್ತಿ ಇಂತಿಷ್ಟು ಸೆಕೆಂಡ್ ಕಳೆಯಿತು, ಇನ್ನು ಮಾತು ಶುರುವಾಗಿರಬೇಕು ಎಂದು ಅಂದಾಜಿನ ಮೇಲೆ ಎಣಿಸುತ್ತದೆ. ಆಗ ಯಾರೂ ಎತ್ತದ ಕರೆಯೂ ಪ್ರಿಂಟಿನಲ್ಲಿ ಬರುತ್ತದೆ, ಬೇಗ ಎತ್ತಿದ ಕರೆ ಗಿಡ್ಡವಾಗಿ ಕಾಣುತ್ತದೆ. ಹುಬ್ಬಳ್ಳಿಯ ಲಾಡ್ಜುಗಳಲ್ಲಿ ಕೋಣೆಯ ಫೋನಿಗೆ ಇಂಥ ಪ್ರಿಂಟಿನ ಮೇಲೆಯೇ ಹಣ ಹಿಡಿಯುವವರು ಇದನ್ನು ಗಮನಿಸಬೇಕು. ಪಿಆರ್‌ಐ ಎಂಬ ಡಿಜಿಟಲ್ ಲೈನ್ ಇದ್ದರೆ ಈ ತೊಂದರೆಯಿಲ್ಲ, ಉತ್ತರದ ಸಂಕೇತ ಅಲ್ಲಿ ಸಂದೇಶವಾಗಿಯೇ ಬರುತ್ತದೆ. ಪೆಟ್ಟಿಗೆಯ ಗಡಿಯಾರವನ್ನೂ ನೋಡಿ. ಒಳಗಿನ ಬ್ಯಾಟರಿ ಸತ್ತಿದ್ದರೆ ಕರೆಂಟ್ ಹೋಗಿ ಬಂದಾಗಲೆಲ್ಲ ಸಮಯ ಕೆಡುತ್ತದೆ, ಆಮೇಲೆ ಯಾವ ಸಾಲೂ ಬಿಲ್ಲಿಗೆ ತಾಳೆಯಾಗುವುದಿಲ್ಲ. ಇವೆರಡೂ ಸರಿಯಾಗುವ ತನಕ ಆ ಪ್ರಿಂಟನ್ನು ಪುರಾವೆಯೆಂದು ಎಲ್ಲಿಯೂ ಕೊಡಬೇಡಿ, ಕೊಟ್ಟರೆ ನಿಮ್ಮ ಉಳಿದ ದೂರುಗಳ ತೂಕವೂ ಕಡಿಮೆಯಾಗುತ್ತದೆ.

ಮೊಬೈಲಿನ ಕರೆಪಟ್ಟಿ ಇದಕ್ಕಿಂತ ನಂಬಿಕೆಗೆ ಯೋಗ್ಯ. ಅದು ಉತ್ತರದ ಸಂಕೇತದಿಂದಲೇ ಎಣಿಸುತ್ತದೆ, ಒಂದೆರಡು ಸೆಕೆಂಡಿನ ವ್ಯತ್ಯಾಸ ಸಹಜ. ಸಿಗ್ನಲ್ ಹೋಗಿ ಕರೆ ಕತ್ತರಿಸಿದಾಗ ಮಾತ್ರ ವ್ಯತ್ಯಾಸ ಕೆಲವು ಸೆಕೆಂಡಿಗೆ ಬೆಳೆಯಬಹುದು, ಸಂಪರ್ಕ ಹೋಯಿತೆಂದು ನೆಟ್‌ವರ್ಕ್ ತೀರ್ಮಾನಿಸಲು ಅಷ್ಟು ಹೊತ್ತು ಕಾಯುತ್ತದೆ. ಕರೆ ಕತ್ತರಿಸಿದರೆ ಒಂದು ರೂಪಾಯಿ ಮರಳುತ್ತದೆ ಎಂದು ಕೆಲವರು ಇನ್ನೂ ನಂಬಿದ್ದಾರೆ. ಟ್ರಾಯ್ 2015ರಲ್ಲಿ ಹಾಗೊಂದು ನಿಯಮ ಮಾಡಿದ್ದು ನಿಜ, ಸುಪ್ರೀಂ ಕೋರ್ಟ್ ಅದನ್ನು 2016ರಲ್ಲಿ ರದ್ದುಮಾಡಿತು.

ಗುಂಟೂರಿನ ಕರೆ. ನೀವು ಕಳಿಸಿದ ಬಿಲ್ಲಿನ ನಕಲಿನಲ್ಲಿ ಮೊದಲ ಸಾಲು 10:42:07ಕ್ಕೆ ಶುರು, ಅವಧಿ 30:00. ಎರಡನೆಯದು 11:12:07ಕ್ಕೆ ಶುರು, ಅವಧಿ 14:20. ಮೊದಲನೆಯದು ಮುಗಿದ ಸೆಕೆಂಡಿಗೇ ಎರಡನೆಯದು ಶುರುವಾಗಿದೆ. ಇದು ಒಂದೇ ಕರೆಯನ್ನು ಎರಡು ಸಲ ಬರೆದದ್ದಲ್ಲ, ಒಂದು ಉದ್ದ ಕರೆಯ ಎರಡು ತುಂಡು. ನಡುವೆ ಯಂತ್ರ ಕೆಟ್ಟರೆ ಇಡೀ ದಾಖಲೆ ಹೋಗಬಾರದೆಂದು ಉದ್ದ ಕರೆಗಳನ್ನು ಹೀಗೆ ತುಂಡುಮಾಡಿ ಬರೆಯುತ್ತಾರೆ, ಬಿಲ್ಲಿಗೆ ಮುಂಚೆ ಜೋಡಿಸಬೇಕು. ಜೋಡಿಸದೆ ಬಿಟ್ಟಿದ್ದಾರೆ. ನಿಮಗೆ ಈ ಸಲ ನಷ್ಟವಾಗಿಲ್ಲ: 60 ಸೆಕೆಂಡಿನ ಪಲ್ಸಿನಲ್ಲಿ 30 ಮತ್ತು 15 ಸೇರಿ 45 ಪಲ್ಸ್, ಜೋಡಿಸಿದರೂ 44 ನಿಮಿಷ 20 ಸೆಕೆಂಡಿಗೆ 45 ಪಲ್ಸೇ. ಆದರೆ ತುಂಡು 30:01ಕ್ಕೆ ಬಿದ್ದಿದ್ದರೆ ಮೊದಲ ತುಂಡಿಗೇ 31 ಪಲ್ಸ್ ಆಗಿ ಒಂದು ಪಲ್ಸ್ ಹೆಚ್ಚು ಕೊಡಬೇಕಾಗುತ್ತಿತ್ತು. ಆದ್ದರಿಂದ ಹಣ ಕೇಳದಿದ್ದರೂ ದೂರು ಬರೆಸಿ. ನಿಜವಾದ ಇಮ್ಮಡಿ ಬೇರೆ ರೀತಿ ಕಾಣುತ್ತದೆ: ಶುರುವಿನ ಸಮಯ, ನಂಬರ್, ಅವಧಿ ಮೂರೂ ಎರಡೂ ಸಾಲಿನಲ್ಲಿ ಒಂದೇ ಆಗಿರುತ್ತವೆ.

ಮೂರನೆಯ ದೂರು ಗಟ್ಟಿಯಾದದ್ದು. ಸೆಕೆಂಡ್ ಎಣಿಸುವಲ್ಲಿ ಯಂತ್ರ ತಪ್ಪುವುದು ವಿರಳ, ದರ ಹಚ್ಚುವಲ್ಲಿ ತಪ್ಪು ನುಸುಳುವುದು ಸುಲಭ. ಏಕೆಂದರೆ ಅಲ್ಲಿ ಮನುಷ್ಯರು ಕೋಷ್ಟಕ ತುಂಬಬೇಕು, ಪ್ಲಾನ್ ಬದಲಾದಾಗಲೆಲ್ಲ ತಿದ್ದಬೇಕು. ಬಿಲ್ಲಿನಲ್ಲಿ ಸೆಕೆಂಡಿನ ಕಾಲಂ ಹಿಡಿದು ಕೂರುವವರು ದರದ ಕಾಲಂ ನೋಡಿದರೆ ಹೆಚ್ಚು ಹಣ ಉಳಿಯುತ್ತದೆ ಎಂದು ನಮ್ಮ ಎಲ್ಲ ಓದುಗರಿಗೂ ಒತ್ತಿ ಹೇಳುತ್ತೇವೆ. ನೀವು ನೋಡಬೇಕಾದ್ದು ಎರಡು. ಒಂದು, ಪ್ಯಾಕ್ ಚಾಲೂ ಆದ ಎಸ್ಸೆಮ್ಮೆಸ್ಸಿನ ದಿನಾಂಕ, ಗಂಟೆ. ನೀವು 9ನೇ ತಾರೀಖು ಹಣ ಕೊಟ್ಟು ಅದು ವ್ಯವಸ್ಥೆಯಲ್ಲಿ 11ಕ್ಕೆ ಹತ್ತಿದ್ದರೆ ನಡುವಿನ ಕರೆಗಳಿಗೆ ಮಾಮೂಲಿ ದರ ಬೀಳುತ್ತದೆ. ಎರಡು, ಕರೆ ಮಾಡಿದ ನಂಬರು. ಶ್ರೀಲಂಕಾದ ಸಂಕೇತ 94, ಅಲ್ಲಿನ ಮೊಬೈಲುಗಳು 947 ಎಂದು ಶುರುವಾಗುತ್ತವೆ. ದರದ ಕೋಷ್ಟಕದಲ್ಲಿ ನಂಬರಿನ ಮೊದಲ ಅಂಕಿಗಳಿಗೆ ಹೆಚ್ಚು ಹೊಂದುವ ಸಾಲಿನ ದರ ಹತ್ತುತ್ತದೆ. ಪ್ಯಾಕ್ ಲ್ಯಾಂಡ್‌ಲೈನಿಗೆ ಮಾತ್ರ ಎಂದಿದ್ದರೆ ಮೊಬೈಲ್ ಕರೆಗಳು ಹೊರಗೆ ಬೀಳುತ್ತವೆ, ಎರಡಕ್ಕೂ ಎಂದಿದ್ದರೂ ಕೋಷ್ಟಕದಲ್ಲಿ 947 ಸೇರಿಸಲು ಮರೆತಿದ್ದರೆ ಆಗಲೂ ಹೊರಗೆ ಬೀಳುತ್ತವೆ. ಮಾಮೂಲಿ ದರ ಬಿದ್ದ ಕರೆಗಳನ್ನೆಲ್ಲ ಒಂದು ಹಾಳೆಯಲ್ಲಿ ತಾರೀಖಿನ ಪ್ರಕಾರ, ಇನ್ನೊಂದರಲ್ಲಿ ನಂಬರಿನ ಪ್ರಕಾರ ಬರೆದು ನೋಡಿ. ಎರಡರಲ್ಲಿ ಒಂದು ಹಾಳೆ ಕಾರಣ ತೋರಿಸುತ್ತದೆ. ಮರಳಬೇಕಾದ ಮೊತ್ತ ಹಾಕುವಾಗ 18 ಶೇಕಡ ಜಿಎಸ್‌ಟಿ ಸೇರಿಸುವುದನ್ನು ಮರೆಯಬೇಡಿ.

ಇನ್ನು ಮುದ್ರೆಯ ಮಾತು. ಫೋನಿನಲ್ಲಿ ಮುದ್ರೆಯ ಬದಲು ಇರುವುದು ಲೆಕ್ಕಪರಿಶೋಧನೆ. ಟ್ರಾಯ್ ಪಟ್ಟಿಮಾಡಿದ ಪರಿಶೋಧಕರು ಕಂಪನಿಯ ವ್ಯವಸ್ಥೆಯನ್ನು ಸೇವಾ ವಲಯವಾರು ಪರೀಕ್ಷಿಸುತ್ತಾರೆ, ನಮ್ಮದು ಕರ್ನಾಟಕ ವಲಯ. ಪರೀಕ್ಷಾ ಕರೆ ಮಾಡಿ ದಾಖಲೆಯೊಂದಿಗೆ ತಾಳೆ ನೋಡುತ್ತಾರೆ, ಕರೆ ದಾಖಲೆ ತೆಗೆದುಕೊಂಡು ಪ್ರಕಟಿತ ದರದಂತೆ ಮತ್ತೆ ಲೆಕ್ಕ ಹಾಕುತ್ತಾರೆ. ಒಂದು ಪ್ಲಾನಿನವರೆಲ್ಲರಿಗೂ ಹೆಚ್ಚು ಬಿದ್ದಿದೆ ಎಂದು ಕಂಡರೆ ದೂರು ಕೊಡದವರಿಗೂ ಹಣ ಮರಳಿಸಬೇಕು. ಯಾರದ್ದೆಂದು ತಲುಪಿಸಲಾಗದ ಹಣ ದೂರಸಂಪರ್ಕ ಗ್ರಾಹಕರ ಶಿಕ್ಷಣ ಮತ್ತು ರಕ್ಷಣಾ ನಿಧಿಗೆ ಹೋಗುತ್ತದೆ. ಎಲ್ಲರಿಗೂ ಬಿದ್ದ ತಪ್ಪನ್ನು ಇದು ಹಿಡಿಯುತ್ತದೆ, ಬ್ಯಾಡಗಿಯ ಒಂದು ಅಂಗಡಿಯ ಒಂದು ತಿಂಗಳ ಬಿಲ್ಲನ್ನು ಹಿಡಿಯುವುದಿಲ್ಲ. ಪರಿಶೋಧನೆಯಲ್ಲಿ ಯಾವ ತಪ್ಪು ಸಿಕ್ಕಿತು, ಎಷ್ಟು ಹಣ ಮರಳಿತು ಎಂಬುದನ್ನು ಕಂಪನಿಗಳು ಬಿಲ್ಲಿನ ಹಿಂಬದಿಯಲ್ಲೇ ಕನ್ನಡದಲ್ಲಿ ಅಚ್ಚುಹಾಕಬೇಕು ಎಂಬುದು ನಮ್ಮ ಆಗ್ರಹ. ತಕ್ಕಡಿಯ ಮುದ್ರೆ ಎಲ್ಲರ ಕಣ್ಣಿಗೆ ಬೀಳುವಂತೆ ಇದೂ ಬೀಳಬೇಕು.

ನಿಮ್ಮ ಬಿಲ್ಲಿಗೆ ನೀವೇ ಹೋಗಬೇಕು. ಟ್ರಾಯ್ ಒಬ್ಬೊಬ್ಬರ ದೂರು ವಿಚಾರಿಸುವುದಿಲ್ಲ, ಬೆಂಗಳೂರಿನ ಕಚೇರಿಗೆ ಬರೆದು ಕಾಯಬೇಡಿ. ಮೊದಲು ಕಂಪನಿಯ ದೂರು ಕೇಂದ್ರ 198ಕ್ಕೆ ಕರೆ ಮಾಡಿ ದೂರು ಬರೆಸಿ, ಡಾಕೆಟ್ ನಂಬರ್, ಅಂದರೆ ದೂರಿನ ಸಂಖ್ಯೆ ಪಡೆಯಿರಿ. ನಂಬರ್ ಇಲ್ಲದ ದೂರು ದೂರೇ ಅಲ್ಲ. ಬಿಲ್ಲಿನ ದೂರುಗಳಲ್ಲಿ 98 ಶೇಕಡ ನಾಲ್ಕು ವಾರದೊಳಗೆ, ಉಳಿದವೂ ಆರು ವಾರದೊಳಗೆ ಬಗೆಹರಿಯಬೇಕು, ತೀರ್ಮಾನವಾದ ಮೇಲೆ ಒಂದು ವಾರದಲ್ಲಿ ಹಣ ಖಾತೆಗೆ ಜಮೆಯಾಗಬೇಕು ಎಂಬುದು ನಿಗದಿತ ಮಟ್ಟ. ಉತ್ತರ ಒಪ್ಪಿಗೆಯಾಗದಿದ್ದರೆ 30 ದಿನದೊಳಗೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಬರೆಯಿರಿ. ಶುಲ್ಕವಿಲ್ಲ, 39 ದಿನದಲ್ಲಿ ತೀರ್ಮಾನವಾಗಬೇಕು. ಅಲ್ಲಿಯ ತನಕ ಇಡೀ ಬಿಲ್ ಕಟ್ಟದೆ ಕೂರಬೇಡಿ, ಹೊರಹೋಗುವ ಕರೆ ಬಂದ್ ಆದೀತು. ತಕರಾರಿಲ್ಲದ ಮೊತ್ತ ಕಟ್ಟಿ, ಇಂತಿಷ್ಟು ತಕರಾರಿನಲ್ಲಿದೆ ಎಂದು ಬರಹದಲ್ಲಿ ತಿಳಿಸಿ. ಹಳೆಯ ದಾಖಲೆ ಸಿಗುವುದಿಲ್ಲ ಎಂದರೆ ಒಪ್ಪಬೇಡಿ. ಲೈಸೆನ್ಸಿನ ಷರತ್ತಿನಂತೆ ಕರೆ ದಾಖಲೆಗಳನ್ನು ಕನಿಷ್ಠ ಎರಡು ವರ್ಷ ಇಡಬೇಕೆಂದು 2021ರ ಡಿಸೆಂಬರಿನಲ್ಲಿ ಆದೇಶವಾಗಿದೆ. ಪ್ರೀಪೇಯ್ಡ್ ಇರುವವರಿಗೂ ಒಂದು ಮಾತು: ಹಿಂದಿನ ಆರು ತಿಂಗಳೊಳಗಿನ ಕರೆವಾರು ವಿವರವನ್ನು 50 ರೂಪಾಯಿ ಮೀರದ ಶುಲ್ಕಕ್ಕೆ ಕೇಳಿ ಪಡೆಯಬಹುದು.

ಮೇಲ್ಮನವಿಯಲ್ಲಿಯೂ ಆಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ. ಫೋನಿನ ಬಿಲ್ಲು ಗ್ರಾಹಕರ ನ್ಯಾಯಾಲಯಕ್ಕೆ ಬರುವುದಿಲ್ಲ ಎಂದು ಯಾರಾದರೂ ಹೇಳಿದರೆ ಅದು ಸುಪ್ರೀಂ ಕೋರ್ಟಿನ 2009ರ ತೀರ್ಪಿನ ಮಾತು. 2022ರ ಫೆಬ್ರವರಿಯಲ್ಲಿ ಅದೇ ಕೋರ್ಟ್ ‘ಬರುತ್ತದೆ’ ಎಂದು ಹೇಳಿದೆ. ನೀವು ಇರುವಲ್ಲಿಯೇ, ಅಂದರೆ ಹಾವೇರಿಯಲ್ಲಿಯೇ ದಾಖಲಿಸಬಹುದು, ಎರಡು ವರ್ಷದೊಳಗೆ. 5 ಲಕ್ಷ ರೂಪಾಯಿವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ. ಒಂದು ಎಚ್ಚರಿಕೆ ಮಾತ್ರ ಬೇಕು. ವ್ಯಾಪಾರದ ಉದ್ದೇಶಕ್ಕೆ ಪಡೆದ ಸೇವೆಗೆ ಈ ಕಾಯ್ದೆ ಅನ್ವಯಿಸುವುದಿಲ್ಲ ಎಂದು ಎದುರಿನವರು ಮೊದಲ ದಿನವೇ ತಕರಾರು ತೆಗೆಯಬಹುದು. ಸ್ವಂತ ದುಡಿಮೆಯಿಂದ ಹೊಟ್ಟೆಪಾಡಿಗೆ ನಡೆಸುವ ವ್ಯವಹಾರಕ್ಕೆ ಕಾಯ್ದೆಯಲ್ಲೇ ವಿನಾಯಿತಿ ಇದೆ. ನಿಮ್ಮ ಅಂಗಡಿ ಅಂಥದ್ದಾದರೆ ದೂರಿನ ಮೊದಲ ಪುಟದಲ್ಲಿಯೇ ಅದನ್ನು ಸ್ಪಷ್ಟವಾಗಿ ಬರೆಯಿರಿ. ಲ್ಯಾಂಡ್‌ಲೈನ್ ಯಾರ ಹೆಸರಿನಲ್ಲಿದೆ, ನಿಮ್ಮ ಹೆಸರಿನಲ್ಲೋ ಅಂಗಡಿಯ ಹೆಸರಿನಲ್ಲೋ ಎಂಬುದನ್ನೂ ಮುಂಚೆಯೇ ನೋಡಿಕೊಳ್ಳಿ.

— ಸಂಪಾದಕ